ಬೂರೆಗೆ ದೂರಿಲ್ಲ

ಗುತ್ಯಕ್ಕನನ್ನು ನಾನು ಮೊದಲ ಸಲ ಕಂಡಾಗ ಅವಳು ತನ್ನ ಮನೆಯ ದಣಪೆಯ, ಅಂದರೆ ಬೇಲಿಬಾಗಿಲಿನ, ಬಿದಿರುಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಶಾಲೆಯ ಬಯಲಿನಿಂದ ಬರುತ್ತಿದ್ದಳು. ಮುಂದೆ ಅವಳು, ಬಿದಿರಿನ ಹಿಂದಿನ ತುದಿ ಹಿಡಿದುಕೊಂಡು ಅವಳ ಗಂಡ ಹೂವಪ್ಪಣ್ಣ. ಅವರು ಭಾರಕ್ಕೆ ಕೈ ಕೊಟ್ಟಿದ್ದಾರೆ ಎಂದುಕೊಂಡೆ. ಅಲ್ಲ, ದಾರಿ ತಪ್ಪಬಾರದೆಂದು ಹಿಡಿದುಕೊಂಡಿದ್ದರು. ಕಣ್ಣು ಆಗಲೇ ಮಂಜಾಗಿತ್ತು.

ದೀಪಾವಳಿಯ ಬೆಳಿಗ್ಗೆ ಅದು. ನಾನು ಹಿಂದಿನ ಸಂಜೆಯಷ್ಟೇ ತೀರ್ಥಹಳ್ಳಿ ಕಡೆಯಿಂದ ಮಗಳು ಸುಮನಾಳ ಮನೆಗೆ ಬಂದಿದ್ದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಒಬ್ಬಳೇ ಇರುವುದು ಬೇಡ ಎಂದು ಅಳಿಯ ದಿನೇಶ್ ತಾನೇ ಬಂದು ಕರೆದುಕೊಂಡು ಬಂದಿದ್ದ. ಬ್ಯಾಕೋಡಿನಿಂದ ಸ್ವಲ್ಪ ಒಳಗಿರುವ ಸಣ್ಣ ಕೇರಿ. ನಾನು ಅಂಗಳದಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ.

"ಯಾರೇ ಅದು, ಹೊಸಬಳು?" ಎಂದು ಗುತ್ಯಕ್ಕ ಬೇಲಿಯಾಚೆಯಿಂದಲೇ ಕೇಳಿದಳು.

"ಸುಮನಾನ ಅವ್ವ. ವನಮಾಲಾ ಅಂತ."

"ಓ, ನೀನನೇ? ಸರಿಯಾದ ದಿನ ಬಂದೀಯ ಬಿಡು. ನಿನ್ನ ಅಳಿಯನ ಗಾಡಿ ಸ್ಟೆಪ್ನಿ ಎಲ್ಲಿದೆ ನೋಡ್ದ್ಯಾ? ಶಾಲೆ ಬಾವುಟದ ಕಂಬಕ್ಕೆ ಹಾರ ಹಾಕಿದಂಗೆ ಹಾಕಿದಾರೆ. ಮಂತ್ರಿಗಳಿಗೂ ಅಂಥ ಹಾರ ಬಿದ್ದಿಲ್ಲ."

ಒಳಗಿನಿಂದ ದಿನೇಶ್, "ಅಯ್ಯೋ ನನ್ ಸ್ಟೆಪ್ನಿ!" ಎಂದು ಲುಂಗಿ ಎತ್ತಿಕೊಂಡು ಓಡಿದ. ಗುತ್ಯಕ್ಕ ನಕ್ಕ ನಗೆಗೆ ಹೆಗಲ ಮೇಲಿನ ಬಿದಿರು ಕುಣಿಯಿತು. ಹಿಂದಿನಿಂದ ಹೂವಪ್ಪಣ್ಣ, "ನಿಧಾನ ನಗೇ ಮಾರಾಯ್ತಿ, ನಾನು ಬೀಳ್ತೀನಿ" ಎಂದರು.

ಬೂರೆ ಎಂದರೇನೆಂದು ತಿಳಿಯದವರಿಗೆ ಹೇಳುತ್ತೇನೆ. ದೀಪಾವಳಿಗೆ ಬಚ್ಚಲ ಹಂಡೆಗೆ ನೀರು ತುಂಬುವ ರಾತ್ರಿ ನಮ್ಮ ಕಡೆ ಊರ ಹುಡುಗರು ಕದಿಯಲು ಹೊರಡುತ್ತಾರೆ. ಸೌತೆಕಾಯಿ, ಎಳನೀರು, ಬಾಳೆಗೊನೆ ಕದ್ದರೆ ತಿನ್ನುತ್ತಾರೆ. ತಿನ್ನಲಾಗದ್ದನ್ನು, ಅಂದರೆ ದಣಪೆ, ನೇಗಿಲು, ಬಟ್ಟೆ ಒಗೆಯುವ ಹಲಗೆ, ಇಂಥದ್ದನ್ನು ಹೊತ್ತು ತಂದು ಶಾಲೆಯ ಬಯಲಿನಲ್ಲಿ ರಾಶಿ ಹಾಕುತ್ತಾರೆ. ಬೆಳಿಗ್ಗೆ ಅವರವರು ಹೋಗಿ ನಗುತ್ತಾ ತಮ್ಮದನ್ನು ಹುಡುಕಿ ತಂದುಕೊಳ್ಳಬೇಕು. ರಾಶಿಯಲ್ಲಿ ಸಿಗದಿದ್ದರೆ ಸುಮ್ಮನೆ ಕಾಯಬೇಕು, ಹಬ್ಬ ಮುಗಿಯುವುದರೊಳಗೆ ಎಲ್ಲಿಂದಲೋ ಬಂದು ಸೇರುತ್ತದೆ. ಯಾರ ಮೇಲೂ ದೂರು ಹೇಳುವಂತಿಲ್ಲ. ಹೇಳಿದವರಿಗೆ ಯಾರೂ ದಂಡ ಹಾಕುವುದಿಲ್ಲ, ಆದರೆ ವರ್ಷವಿಡೀ ನಗುತ್ತಾರೆ. ದಂಡವೇ ವಾಸಿ.

ನಗುವ ಊರಿನ ರುಚಿ ಗುತ್ಯಕ್ಕನಿಗೆ ಸಣ್ಣ ವಯಸ್ಸಿನಲ್ಲೇ ಸಿಕ್ಕಿತ್ತು. ಆ ಕಥೆಯನ್ನು ಅವಳೇ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಮದುವೆಯಾಗಿ ಬಂದ ವರ್ಷ ಅವಳು ಹಿತ್ತಲಲ್ಲಿ ಒಂದು ಸೌತೆಬಳ್ಳಿ ಹಬ್ಬಿಸಿದ್ದಳಂತೆ. ಒಂದೇ ಒಂದು ದೊಡ್ಡ ಕಾಯಿ ಬಿಟ್ಟಿತ್ತು. ದೀಪಾವಳಿಗೆ ಅವಳ ತಾಯಿ ಮೊದಲ ಸಲ ಮಗಳ ಮನೆಗೆ ಬರುವವಳಿದ್ದಳು. ತಾನೇ ಬೆಳೆದ ಕಾಯಿಯಲ್ಲಿ ಕಡುಬು ಮಾಡಿ ಬಡಿಸಬೇಕೆಂದು ಅದನ್ನು ಎಲೆ ಮುಚ್ಚಿ ಕಾಪಾಡಿದ್ದಳು. ಬೂರೆಯ ಬೆಳಿಗ್ಗೆ ನೋಡಿದರೆ ಬಳ್ಳಿ ಇದೆ, ಕಾಯಿ ಇಲ್ಲ. ಹದಿನೇಳು ತುಂಬದ ಹುಡುಗಿ. ಬಯಲಿಗೆ ಓಡಿಹೋಗಿ ಎಲ್ಲರೆದುರು ಹುಯ್ಲಿಟ್ಟು ಅತ್ತಳು. "ನನ್ನ ಅವ್ವಂಗೆ ಇಟ್ಟಿದ್ದು, ಯಾರ್ ತಿಂದ್ರಿ, ಹೇಳ್ರಿ!"

ಆ ದಿನದಿಂದ ಅವಳು ಹುಯ್ಲು ಗುತ್ತಿ. ಬಾವಿಕಟ್ಟೆಯಲ್ಲಿ, ನಟ್ಟಿಯ ಗದ್ದೆಯಲ್ಲಿ, ಮದುವೆಯ ಮನೆಯಲ್ಲಿ ಅದೇ ಹೆಸರು. ಸೊಪ್ಪಿಗೆ ಹೋಗಿ ಬರುವಾಗ ಹೆಂಗಸರು ಬೇಕೆಂದೇ, "ಗುತ್ತೀ, ನನ್ ಸೌತೆಕಾಯಿ ಕಂಡ್ಯನೇ?" ಎಂದು ಕೂಗುತ್ತಿದ್ದರಂತೆ. ಅತ್ತೆಯೂ ಕೂಗಿದಳು. ಮೊದಲ ಮಗಳ ತೊಟ್ಟಿಲ ದಿನ ಕೂಡ ಯಾರೋ ತೊಟ್ಟಿಲಲ್ಲಿ ಸೌತೆಕಾಯಿ ಇಟ್ಟು ನಗಿಸಿದರು.

"ಆಮೇಲೆ ನಾನು ಬಾಯಿ ಮುಚ್ಚಿದೆ ನೋಡು. ಮುಚ್ಚಿದ ಮೇಲೆ ಎಲ್ರೂ ಎಷ್ಟು ಒಳ್ಳೇರಾದ್ರು ಅಂತೀಯ!" ಎಂದು ಅವಳು ಕಥೆ ಮುಗಿಸುತ್ತಿದ್ದಳು. ಪ್ರತಿ ಸಲವೂ ನಗುತ್ತಲೇ ಹೇಳುತ್ತಿದ್ದಳು. ಕೇಳುವವರೂ ನಗಬೇಕು. ನಾನೂ ನಗುತ್ತಿದ್ದೆ.

ಬಾಯಿ ಮುಚ್ಚಿದ್ದು ಬರೀ ಬೂರೆಗೆ ಎಂದಾಗಿದ್ದರೆ ತೊಂದರೆ ಇರಲಿಲ್ಲ. ಅವಳಿಗೆ ಅದು ಬದುಕುವ ರೀತಿಯೇ ಆಗಿಬಿಟ್ಟಿತು. ಸಾಗರದ ಬಸ್ಸು ಕೈ ಮಾಡಿದರೂ ನಿಲ್ಲಿಸದೆ ಹೋದರೆ, "ಅವನಿಗೂ ಹೊತ್ತಾಗಿರ್ತದೆ" ಎಂದು ಮುಂದಿನ ಬಸ್ಸಿಗೆ ಕೂರುತ್ತಿದ್ದಳು. ನ್ಯಾಯಬೆಲೆ ಅಂಗಡಿಯಲ್ಲಿ ಹುಳ ಬಿದ್ದ ಅಕ್ಕಿ ಕೊಟ್ಟರೆ ತಂದು ಕೇರಿ ಕೋಳಿಗೆ ಹಾಕುತ್ತಿದ್ದಳು. ದವಡೆ ಹಲ್ಲು ಒಡೆದು ಕೆನ್ನೆ ಊದಿಕೊಂಡಾಗ ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡವಳಂತೆ ಓಡಾಡಿದಳು. ನಾನು ಹಿಡಿದು ಬಾಯಿ ತೆರೆಸಿ ನೋಡಿ ಬೈದರೆ, "ನಿಂಗೆ ಹೆಂಗೆ ಗೊತ್ತಾತೇ?" ಎಂದು ಆಶ್ಚರ್ಯಪಟ್ಟಳು.

ಹೂವಪ್ಪಣ್ಣನ ಕಣ್ಣಿನ ವಿಷಯವೂ ಹಾಗೆಯೇ. ಸಾಗರದಲ್ಲಿ ಒಂದು ಕಣ್ಣಿನ ಶಿಬಿರ ಇದೆಯೆಂದು ಇಬ್ಬರೂ ಲಾಂಚಿನಲ್ಲಿ ಹೊಳೆ ದಾಟಿ ಹೋದರು. ಮಧ್ಯಾಹ್ನದ ತನಕ ಸಾಲಿನಲ್ಲಿ ನಿಂತ ಮೇಲೆ ಯಾರೋ ಒಬ್ಬ ಹುಡುಗ ಬಂದು, "ಮಿಷನ್ ಕೆಟ್ಟಿದೆ, ಮುಂದಿನ ತಿಂಗಳು ಬನ್ನಿ" ಎಂದ. ಮುಂದೆ ಹಿಂದೆ ಇದ್ದವರು ಗಲಾಟೆ ಮಾಡಿದರು, ನಾವು ಎಷ್ಟು ದೂರದಿಂದ ಬಂದವರು ಗೊತ್ತೇನು ಎಂದು ಕೂಗಿದರು. ಇವರಿಬ್ಬರು ಮೆಲ್ಲಗೆ ಲಾಂಚಿಗೆ ಹೊತ್ತಾಯಿತೆಂದು ಹೊರಟು ಬಂದರು. ಆಮೇಲೆ ತಿಳಿಯಿತು, ಗಲಾಟೆ ಮಾಡಿದವರನ್ನೆಲ್ಲ ಇನ್ನೊಂದು ಕೋಣೆಗೆ ಕರೆದು ಕಣ್ಣು ನೋಡಿ ಕಳಿಸಿದರಂತೆ.

"ಅವರಿಗೆ ಕೂಗಕ್ಕೆ ಬರ್ತದೆ, ಕೂಗಿದ್ರು" ಎಂದಳು ಗುತ್ಯಕ್ಕ. ಮುಂದಿನ ತಿಂಗಳು ಶಿಬಿರ ಬರಲಿಲ್ಲ. ಮಳೆ ಹಿಡಿಯಿತು. ಹೂವಪ್ಪಣ್ಣ, "ನಂಗೆ ಬೆಳಕು ಗೊತ್ತಾಗ್ತದೆ, ಗುತ್ತಿ ಗೊತ್ತಾಗ್ತಾಳೆ, ಇನ್ನೆಂತ ಬೇಕು" ಎಂದು ಕುಶಾಲು ಮಾಡಿದರು.

ಅವರ ಮನೆ ಹಳ್ಳದಾಚೆ, ಒಂಟಿ. ಕೇರಿಗೆ ಬರಬೇಕಾದರೆ ಹಳ್ಳದ ಮೇಲಿನ ಸಂಕ ದಾಟಬೇಕು. ಅಡಿಕೆ ಮರದ ದಬ್ಬೆಗಳನ್ನು ಜೋಡಿಸಿ ಹಾಕಿದ ಕಾಲುದಾರಿ, ಒಂದು ಬದಿಗೆ ಹಿಡಿದುಕೊಳ್ಳಲು ಕಟ್ಟಿದ ಬಿದಿರಿನ ಗಳ. ಹೂವಪ್ಪಣ್ಣ ಬೆಳಿಗ್ಗೆ ಹಾಲಿನ ಕ್ಯಾನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಆ ಗಳದ ಮೇಲೆ ಜಾರಿಸುತ್ತಾ ಡೇರಿಗೆ ಬರುತ್ತಿದ್ದರು. ಗಳದ ಮೇಲ್ಮೈ ಅವರ ಕೈ ಸವರಿ ಸವರಿ ನುಣ್ಣಗಾಗಿತ್ತು. ಈಚೆ ದಡಕ್ಕೆ ಬಂದ ಮೇಲೆ ದಾರಿ ಅವರ ಕಾಲಿಗೆ ಗೊತ್ತಿತ್ತು. ಯಾರ ಮನೆಯ ಎದುರು ಬಂದರೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು. "ವನಮಾಲಾ ತಂಗೀ, ದೋಸೆ ಹೊತ್ತುತ್ತಾ ಇದೆ ನೋಡೇ" ಎಂದು ನನಗೆ ಎಷ್ಟು ಸಲ ಬೀದಿಯಿಂದ ಹೇಳಿದ್ದಾರೋ. ಡೇರಿಗೆ ಹಾಲು ಹಾಕಿ ಬರುವುದೇ ಅವರ ದಿನದ ಹಬ್ಬ. ಆ ನಡಿಗೆ ನಿಂತರೆ ಅವರು ಉಳಿಯುವುದಿಲ್ಲ ಎಂಬುದು ಗುತ್ಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ, ಅವಳೇ ಕ್ಯಾನು ತರಬಹುದಾಗಿದ್ದರೂ ಅವರನ್ನು ಕಳಿಸುತ್ತಿದ್ದಳು.

ಕೊರೊನಾ ಕಳೆದ ಮೇಲಿನ ಒಂದು ದೀಪಾವಳಿ. ಆ ಹಬ್ಬಕ್ಕೆ ನಾನು ಊರಲ್ಲಿರಲಿಲ್ಲ, ತೀರ್ಥಹಳ್ಳಿಯಲ್ಲಿ ನಾದಿನಿಯ ಮನೆಗೆ ಹೋಗಿದ್ದೆ. ಮುಂದಿನದನ್ನು ಗುತ್ಯಕ್ಕನ ಬಾಯಿಂದ ಕೇಳಿದಂತೆ ಬರೆಯುತ್ತೇನೆ.

ಬೂರೆಯ ಬೆಳಿಗ್ಗೆ ಹೂವಪ್ಪಣ್ಣ ಕ್ಯಾನು ಹಿಡಿದು ಸಂಕದ ಬಾಯಿಗೆ ಬಂದು ಕೈ ಚಾಚಿದರು. ಗಳ ಸಿಗಲಿಲ್ಲ. ಗಾಳಿಯಲ್ಲಿ ಕೈಯಾಡಿಸಿ, "ಗುತ್ತೀ, ಗಳ ಎಲ್ಲೇ?" ಎಂದು ಕೂಗಿದರು.

ಗುತ್ಯಕ್ಕ ಬಂದು ನೋಡಿದಳು. ಕಟ್ಟಿದ ಹಗ್ಗದ ತುಂಡು ಮಾತ್ರ ಗೂಟದಲ್ಲಿ ನೇತಾಡುತ್ತಿತ್ತು. ಹಿತ್ತಲಿನ ಬಾಳೆಗೊನೆಯೂ ಹೋಗಿತ್ತು. ಅವಳಿಗೆ ಅನುಮಾನವೇ ಬರಲಿಲ್ಲ.

"ಬೂರೆಗೆ ಹೋಗಿದೆ. ಹುಡುಗ್ರು ತರ್ತಾರೆ ಬಿಡಿ."

"ಸಂಕದ ಗಳ ಯಾರಾದ್ರೂ ಒಯ್ತಾರನೇ? ನಾನು ಡೇರಿ ಹತ್ರ ಹೇಳ್ತೀನಿ. ನಿಶಾಂತ್ ಸಿಕ್ತಾನೆ, ಕೇಳ್ತೀನಿ."

"ಕೇಳಕ್ಕೆ ಹೋಗ್ಬೇಡಿ ಮಾರಾಯ್ರೇ, ನಗ್ತಾರೆ. ಈ ವಯಸ್ಸಲ್ಲಿ ನಿಮ್ಗೂ ಒಂದು ಹೆಸರು ಬೇಕಾ? ಸುಮ್ನಿರಿ."

ಅವರು ಕ್ಯಾನು ಎತ್ತಿಕೊಂಡು ಅವಳ ಕಡೆ ಕೈ ಚಾಚಿದರು.

ಅಂದು ಅವಳೇ ಅವರ ಕೈ ಹಿಡಿದು ದಾಟಿಸಿದಳು. ಶಾಲೆಯ ಬಯಲಿಗೆ ಹೋಗಿ ರಾಶಿಯಲ್ಲಿ ಹುಡುಕಿದಳು. ಏನು ಹುಡುಕುತ್ತೀಯ ಎಂದು ಯಾರೋ ಕೇಳಿದಾಗ, "ಎಂತ ಇಲ್ಲ, ನಿಮ್ಮ ಮಜಾ ನೋಡಾಕೆ ಬಂದೆ" ಎಂದಳು. ಗಳ ಅಲ್ಲಿರಲಿಲ್ಲ. ಹಬ್ಬ ಮುಗಿಯುವ ತನಕ ನೋಡೋಣ ಎಂದುಕೊಂಡಳು. ಹಬ್ಬ ಮುಗಿಯಿತು. ಮರೆತಿರಬೇಕು, ನಾಳೆ ತರುತ್ತಾರೆ ಎಂದುಕೊಂಡಳು. ದಿನಾ ಬೆಳಿಗ್ಗೆ ಕರೆದುಕೊಂಡು ಬಂದು ದಾಟಿಸುವುದು, ಡೇರಿ ಮುಗಿದ ಮೇಲೆ ಕಾದು ನಿಂತು ದಾಟಿಸಿಕೊಂಡು ಹೋಗುವುದು. ಕೇಳಿದವರಿಗೆ, "ಗಂಡನ ಕೈ ಹಿಡ್ಕಂಡು ಓಡಾಡೋ ಆಸೆ ಬಂತು" ಎಂದು ನಗಿಸಿದಳು.

"ಹೊಸದೊಂದು ಗಳ ಕಡಿಸಿ ಕಟ್ಟಬಾರದಿತ್ತನೇ?" ಎಂದು ನಾನು ಆಮೇಲೆ ಕೇಳಿದ್ದೆ.

"ಕಡಿಯಾಕೆ ಇವರಿಗೆ ಆಗ್ತದಾ? ಇನ್ನೊಬ್ಬರನ್ನ ಕರಿಬೇಕು. ಕರೆದ್ರೆ ಯಾಕೆ ಅಂತಾರೆ. ಯಾಕೆ ಅಂದ್ರೆ ಹೇಳ್ಬೇಕು. ಹೇಳಿದ್ರೆ ಅದೇ ದೂರಾತಲ್ಲನೇ?" ಎಂದಳು.

ಒಂದು ಬೆಳಿಗ್ಗೆ ಅವರ ಕೆಂದ ದನ ಕರು ಹಾಕುತ್ತಿತ್ತು. ಗುತ್ಯಕ್ಕ ಕೊಟ್ಟಿಗೆಯಲ್ಲಿ ಕರುವಿನ ಕಾಲು ಹಿಡಿದು ಕೂತಿದ್ದಳು, ಬಿಡುವಂತಿರಲಿಲ್ಲ. ಇನ್ನೊಂದು ದನದ ಹಾಲು ಕರೆದು ಇಟ್ಟಾಗಿತ್ತು. ಡೇರಿಯ ಹೊತ್ತು ಮೀರುತ್ತದೆ ಎಂದು ಹೂವಪ್ಪಣ್ಣ ಒಬ್ಬರೇ ಹೊರಟರು. "ನಿಲ್ರೀ, ಬಂದೆ" ಎಂದು ಅವಳು ಕೂಗಿದಳು. "ನೀನು ಕರು ನೋಡೇ, ನಂಗೆ ಸಂಕ ಕಾಲಿಗೆ ಗೊತ್ತು" ಎಂದರಂತೆ.

ಕ್ಯಾನಿನ ಮುಚ್ಚಳ ಕಲ್ಲಿಗೆ ಬಡಿದ ಸದ್ದು ಕೊಟ್ಟಿಗೆಗೆ ಕೇಳಿಸಿತು. ಅವಳು ಓಡಿ ಬಂದಾಗ ಹಳ್ಳದ ನೀರು ಬೆಳ್ಳಗೆ ಹರಿಯುತ್ತಿತ್ತು. ಅದರ ನಡುವೆ ಹೂವಪ್ಪಣ್ಣ ಕಲ್ಲಿಗೆ ಒರಗಿ ಕೂತಿದ್ದರು. ಸೊಂಟ ಮುರಿದಿತ್ತು. ಅವರ ಬಾಯಿಂದ ಬಂದ ಮೊದಲ ಮಾತು, "ಹಾಲು ಹೋತಲ್ಲೇ. ಕರು ಆತಾ?"

ಆಗಿನ್ನೂ ಹೊಳೆಗೆ ಈಗಿನ ಸೇತುವೆ ಇರಲಿಲ್ಲ. ದಿನೇಶನ ಗಾಡಿಯಲ್ಲಿ ಹಾಸಿಗೆ ಹಾಸಿ ಮಲಗಿಸಿ, ಲಾಂಚಿನಲ್ಲಿ ದಾಟಿಸಿ, ಸಾಗರಕ್ಕೂ ಅಲ್ಲಿಂದ ಶಿವಮೊಗ್ಗಕ್ಕೂ ಒಯ್ದರು. ಲಾಂಚಿನಲ್ಲಿ ನಿಂತವರೆಲ್ಲ ಬಗ್ಗಿ ಬಗ್ಗಿ ಕೇಳಿದರೆ ಹೂವಪ್ಪಣ್ಣ, "ಎಂತ ಆಗಿಲ್ಲ, ಸ್ವಲ್ಪ ಜಾರ್ದೆ" ಎನ್ನುತ್ತಿದ್ದರಂತೆ. ಹೃದಯ ದುರ್ಬಲ ಇದೆ, ಆಪರೇಷನ್ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಮನೆಗೆ ಕರೆತಂದು ಮಲಗಿಸಿದರು.

ನಾನು ತೀರ್ಥಹಳ್ಳಿಯಿಂದ ಬರುವಷ್ಟರಲ್ಲಿ ಊರಲ್ಲಿ ಇದೇ ಮಾತು. ಕೇರಿಗೆ ಹಿರಿಯರಾದ ಕನ್ನಪ್ಪನವರು ಅಂಗಡಿಕಟ್ಟೆಗೆ ಬೂರೆಯ ಹುಡುಗರನ್ನು ಕರೆಸಿದ್ದರು. ಗುತ್ಯಕ್ಕನನ್ನೂ ಕರೆದಿದ್ದರು. ನಾನು ಅವಳ ಜೊತೆ ಹೋದೆ. ಹುಡುಗರ ಮುಂದಾಳು ನಿಶಾಂತ್, ಬೈಕ್ ರಿಪೇರಿ ಮಾಡುವವನು, ಕೈಯೆಲ್ಲ ಗ್ರೀಸು. ಕನ್ನಪ್ಪನವರು ಬಾಯಿಗೆ ಬಂದಂತೆ ಬೈದರು.

ಅವನು ಗುತ್ಯಕ್ಕನ ಎದುರು ಬಂದು ನಿಂತ. "ಅಜ್ಜಿ, ನಿಮ್ಮನೆ ಬಾಳೆಗೊನೆ ಕದ್ದಿದ್ದು ನಾವೇ, ಒಪ್ಕೊಂತೀನಿ. ಸಂಕ ಮುಟ್ಟಿಲ್ಲ. ಯಾರ ಮೇಲೆ ಬೇಕಾದ್ರೂ ಆಣೆ ಇಡ್ತೀನಿ. ಅಜ್ಜ ಅದನ್ನ ಹಿಡ್ಕಂಡು ಬರೋದು ನಾವು ದಿನಾ ನೋಡಲ್ವಾ?"

"ಮತ್ತೆ ಗಳ ಎಲ್ಲಿಗೆ ಹೋತು?" ಎಂದರು ಕನ್ನಪ್ಪನವರು.

"ನಂಗೇನ್ ಗೊತ್ತು? ಅಜ್ಜಿ ಒಂದ್ ಮಾತು ಅಂದಿದ್ರೆ ಅವತ್ತೇ ಕಡ್ದು ಕಟ್ಕೊಡ್ತಿದ್ವಿ. ಟೀ ಕುಡಿಯೋಷ್ಟು ಹೊತ್ತಿನ ಕೆಲಸ." ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಹೇಳ್ಬಾರ್ದಾ ಅಜ್ಜಿ?"

ಗುತ್ಯಕ್ಕ ಮೆಲ್ಲಗೆ, "ಬೂರೆಗೆ ದೂರಿಲ್ಲ ಅಂತಾರಲ್ಲ ಮಗ" ಎಂದಳು.

ಕನ್ನಪ್ಪನವರು ತಲೆ ಮೇಲಿನ ಟವೆಲ್ ತೆಗೆದು ತೊಡೆಗೆ ಬಡಿದರು. "ಎಂತ ಮಾತಾಡ್ತೀಯ ಗುತ್ಯಮ್ಮ? ಆ ಮಾತು ಸೌತೆಕಾಯಿಗೆ. ಸಂಕಕ್ಕಾ?"

ಸೌತೆಕಾಯಿ ಎಂದೊಡನೆ ಹಿಂದೆ ನಿಂತಿದ್ದ ಯಾರೋ ಫಕ್ಕನೆ ನಕ್ಕರು, ಕೂಡಲೇ ಬಾಯಿ ಮುಚ್ಚಿಕೊಂಡರು. ಅಷ್ಟು ವರ್ಷದ ಮೇಲೂ, ಅಂಥ ಹೊತ್ತಿನಲ್ಲೂ. ಗುತ್ಯಕ್ಕನ ಕೈ ನನ್ನ ಕೈಯೊಳಗೆ ಒಮ್ಮೆ ಬಿಗಿಯಾದದ್ದು ನನಗೆ ಗೊತ್ತು.

ಮರುದಿನವೇ ಹುಡುಗರು ಹೊಸ ಗಳ ಕಟ್ಟಿದರು, ಎರಡೂ ಬದಿಗೆ. ಹಳ್ಳದ ನೀರು ಇಳಿದ ಮೇಲೆ ಹಳೆಯ ಗಳವೂ ಸಿಕ್ಕಿತು. ಸಂಕದಿಂದ ಕೆಳಗೆ, ತಿರುವಿನಲ್ಲಿ, ಮುರಿದು ಬಿದ್ದ ದೊಡ್ಡ ಹಲಸಿನ ಕೊಂಬೆಯ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಬೂರೆಯ ಹುಡುಗರು ಗೊನೆ ಒಯ್ದ ಮೇಲೆ ಬೆಳಗಿನ ಜಾವ ಗಾಳಿಮಳೆ ಬಂದಿತ್ತಂತೆ, ಕೊಂಬೆ ಬಿದ್ದು ಗಳವನ್ನು ಎಳೆದುಕೊಂಡು ಹೋಗಿತ್ತು. ಯಾರೂ ಕದ್ದಿರಲಿಲ್ಲ. ಯಾರೂ ತಂದುಕೊಡುವವರಿರಲಿಲ್ಲ. ಅವಳು ದಿನಾ ಕಾಯುತ್ತಿದ್ದದ್ದು ಯಾರನ್ನೂ ಅಲ್ಲ.

ಹೂವಪ್ಪಣ್ಣ ಮಲಗಿದ ಮೇಲೆ ಡೇರಿಗೆ ಹಾಲು ಒಯ್ಯುವ ಕೆಲಸ ಗುತ್ಯಕ್ಕನದಾಯಿತು. ಅವಳು ಹೋಗಿ ಬರುವ ತನಕ ನಾನು ಅವರ ಹತ್ತಿರ ಕೂರುತ್ತಿದ್ದೆ. ಸಂಜೆಯೂ ಹಾಗೆಯೇ. ಅವರು ನನ್ನೊಡನೆ ಬಹಳ ಮಾತಾಡಿದ್ದಾರೆ. ಮೊದಲ ಮಳೆಗೆ ಗದ್ದೆ ಬದುವಿನಲ್ಲಿ ಬಿದಿರಿನ ಕೂಣಿ ಒಡ್ಡಿ ಮೀನು ಹಿಡಿಯುವುದು ಹೇಗೆ, ಯಾವ ದನದ ಹಾಲಿಗೆ ಯಾವ ವಾಸನೆ, ಡೇರಿಯ ಸಾಲಿನಲ್ಲಿ ಯಾರ ಕೆಮ್ಮು ಹೇಗಿರುತ್ತದೆ, ಇಂಥವು. ಕನ್ನಪ್ಪನವರ ಕೆಮ್ಮನ್ನು ಮಲಗಿದಲ್ಲೇ ಕೆಮ್ಮಿ ತೋರಿಸಿ ನನ್ನನ್ನು ನಗಿಸಿದ್ದರು. ನೋವಿನ ಸುದ್ದಿ ಮಾತ್ರ ಎತ್ತಲಿಲ್ಲ. "ಸೊಂಟ ಹೆಂಗಿದೆ ಅಣ್ಣ?" ಎಂದರೆ, "ಇದೆ, ಎಲ್ಲೂ ಹೋಗಿಲ್ಲ" ಎನ್ನುತ್ತಿದ್ದರು.

ಗುತ್ಯಕ್ಕ ದಿನಾ ಕೇಳುತ್ತಿದ್ದಳು. "ಉರೀತದ್ಯಾ? ನೋಯ್ತದ್ಯಾ? ಎಂತಾದ್ರೂ ಬೇಕಾ?"

"ಎಂತ ಬ್ಯಾಡ ಮಾರಾಯ್ತಿ. ತಣ್ಣಗಿದೀನಿ."

ಅವಳಿಗೂ ಬೆನ್ನು ಬಗ್ಗಿತ್ತು. ಅವರನ್ನು ಒಬ್ಬಳೇ ಮಗ್ಗುಲು ಹೊರಳಿಸಲು ಆಗುತ್ತಿರಲಿಲ್ಲ. ಹೊರಳಿಸಲು ಹೋದಾಗೆಲ್ಲ ಅವರು, "ಈಗ ಬೇಡ, ನಿದ್ದೆ ಬರ್ತಾ ಇದೆ" ಎಂದು ತಪ್ಪಿಸಿಬಿಡುತ್ತಿದ್ದರು. ಒಂದು ದಿನ ಆಸ್ಪತ್ರೆಯ ಕಡೆಯಿಂದ ಮನೆ ಮನೆಗೆ ಬರುವ ನರ್ಸಮ್ಮ ಅಕ್ಷಯಾ ಬಂದವಳು ಅವರ ಮಾತು ಕೇಳದೆ, ನನಗೂ ಕೈ ಜೋಡಿಸಲು ಹೇಳಿ ಹೊರಳಿಸಿ ನೋಡಿದಳು. ಬೆನ್ನ ಕೆಳಗೆ ಹುಣ್ಣು ಆಳವಾಗಿ ಇಳಿದಿತ್ತು. ಅಕ್ಷಯಾಳೇ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು.

"ಅಜ್ಜಾ, ಎಷ್ಟು ದಿನದಿಂದ ನೋಯ್ತಾ ಇದೆ ಇದು? ಯಾಕೆ ಹೇಳಲಿಲ್ಲ?"

"ಹೇಳಿ ಎಂತ ಮಾಡದು? ಗುತ್ತಿ ಹೆದರ್ತಾಳೆ."

ಗುತ್ಯಕ್ಕ ಬಾಗಿಲಲ್ಲಿ ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದಳು. ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟು ಬಂದು ಮಂಚದ ಹತ್ತಿರ ಕೂತಳು. "ಬೈಯ್ರಿ ನನ್ನ. ಒಂದ್ಸಲ ಬೈಯ್ರಿ. ಅವತ್ತು ನೀವು ಕೇಳ್ತೀನಿ ಅಂದ್ರಿ, ಬೇಡ ಅಂದವಳು ನಾನು. ಬಾಯಿಬಿಟ್ಟು ಬೈಯ್ರಿ."

ಹೂವಪ್ಪಣ್ಣ ಅವಳ ಧ್ವನಿ ಬಂದ ಕಡೆ ಮುಖ ತಿರುಗಿಸಿದರು. "ಬಯ್ಯಾಕೆ ಎಂತ ಇದೆ? ನೀನು ನನ್ನ ಒಳ್ಳೇದಕ್ಕೇ ಹೇಳಿದ್ದಲ್ಲ? ಕರುಗೆ ಹಾಲು ಬಿಟ್ಟ್ಯಾ?"

ಮಳೆಗಾಲ ಹಿಡಿಯುವ ಮೊದಲೇ ಅವರು ಹೋದರು.

ಅಳಲು ಬಂದವರೆಲ್ಲ ಹೂವಪ್ಪಣ್ಣನನ್ನು ಹೊಗಳಿದರು. ಎಂಥ ಮನುಷ್ಯ, ಒಂದು ದಿನವೂ ನರಳಲಿಲ್ಲ, ಒಬ್ಬರನ್ನೂ ದೂರಲಿಲ್ಲ ಎಂದರು. ಹಾಗೆ ಹೊಗಳಿದಾಗಲೆಲ್ಲ ಗುತ್ಯಕ್ಕ ಎದ್ದು ಒಳಗೆ ಹೋಗುತ್ತಿದ್ದಳು. ಬಂದವರು ಅದನ್ನು ದುಃಖ ಎಂದುಕೊಂಡರು. ನಾನು ಒಳಗೆ ಹೋಗಿ ನೋಡಿದರೆ ಅವಳು ಒಲೆಯ ಮುಂದೆ ಕೂತು, "ಇವರಿಗೆಲ್ಲ ಅದೇ ದೊಡ್ಡ ಗುಣ ಆಗಿಹೋತಲ್ಲೇ" ಎಂದಳು.

ಆ ಬೇಸಿಗೆಯ ಕೊನೆಗೆ ಗ್ರಾಮಸಭೆ ನಡೆಯಿತು. ಗುತ್ಯಕ್ಕ ನನ್ನನ್ನು ಎಳೆದುಕೊಂಡು ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಳು. ಅವಳು ಕುರ್ಚಿಯಲ್ಲಿ ಕೂತಿದ್ದನ್ನೇ ನಾನು ಮೊದಲ ಸಲ ನೋಡಿದ್ದು. ಕೇಳುವುದಿದ್ದರೆ ಕೇಳಿ ಎಂದಾಗ ಎದ್ದು ನಿಂತಳು. ನಾನು ಅವಳ ಸೆರಗು ಹಿಡಿದುಕೊಂಡಿದ್ದೆ.

"ನಮ್ಮ ಹಳ್ಳದ ಸಂಕಕ್ಕೆ ಕಬ್ಬಿಣದ ಪೈಪು ಹಾಕ್ಬೇಕು. ಬಿದಿರು ಗಾಳಿಗೆ ಹೋಗ್ತದೆ. ನಮ್ಮ ಮನೆಯವರು ಹೋದ್ರು. ಈಗ ಆಚೆ ದಡದಲ್ಲಿ ನಾನೊಬ್ಬಳೇ ಇದೀನಿ, ನಂಗೆ ಬೇಡ. ಅದರ ಮೇಲೆ ಸೊಪ್ಪಿಗೆ ಹೋಗೋ ಹೆಂಗಸ್ರು ಇದಾರೆ."

ಯಾರೂ ನಗಲಿಲ್ಲ. ಪಂಚಾಯಿತಿಯ ಮೆಂಬರ್ ಗಣೇಶ್, "ಇಷ್ಟು ದಿನ ಯಾರೂ ಹೇಳ್ಲೇ ಇಲ್ವಲ್ಲ ಗುತ್ಯಮ್ಮ, ಪೈಪು ಆಫೀಸ್ ಹಿಂದೇ ಬಿದ್ದಿದೆ" ಎಂದ. ವಾರ ಕಳೆಯುವುದರೊಳಗೆ ವೆಲ್ಡಿಂಗ್‌ನವರು ಬಂದು ಎರಡೂ ಬದಿಗೆ ಪೈಪು ನಿಲ್ಲಿಸಿ ಹಸಿರು ಬಣ್ಣ ಬಳಿದು ಹೋದರು.

ಬಣ್ಣ ಒಣಗಿದ ಮೇಲೆ ಗುತ್ಯಕ್ಕ ಆ ಪೈಪು ಹಿಡಿದು ಸಂಕದ ನಡುವೆ ನಿಂತಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. "ಇಷ್ಟೇನಾ ವನಮಾಲಾ? ಇಷ್ಟು ಸುಲಭ ಇತ್ತಾ?" ಎಂದಳು. ಆಗದ ಕೆಲಸವಾಗಿದ್ದರೆ ಅವಳಿಗೆ ಸಮಾಧಾನವಿರುತ್ತಿತ್ತು ಎಂದು ನನಗೆ ತೋರಿತು.

ನಾನು ಹೆಚ್ಚು ಓದಿದವಳಲ್ಲ. ಆದರೆ ಇದನ್ನು ಬಹಳ ಸಲ ಯೋಚಿಸಿದ್ದೇನೆ. ಕನ್ನಪ್ಪನವರು ಹೇಳಿದಂತೆ ಸೌತೆಕಾಯಿಗೆ ಸುಮ್ಮನಿರು, ಸಂಕಕ್ಕೆ ಬಾಯಿಬಿಡು ಎಂದರೆ ಕೇಳಲು ಸರಿಯಾಗಿದೆ. ನನ್ನೊಬ್ಬಳ ನಾಲಿಗೆಗೆ ನಷ್ಟವಾಗುವುದಾದರೆ ನಗಬಹುದು, ಇನ್ನೊಬ್ಬರು ಕೈಯಿಟ್ಟು ನಡೆಯುವ ಜಾಗವಾದರೆ ಆ ಗಳಿಗೆಯಲ್ಲೇ ಹೇಳಬೇಕು. ನಾನೂ ಹುಡುಗಿಯರಿಗೆ ಹೀಗೆಯೇ ಹೇಳುತ್ತೇನೆ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಹದಿನೇಳು ತುಂಬದ ಹುಡುಗಿ ತಾಯಿಗೆಂದು ಇಟ್ಟ ಕಾಯಿಗೆ ಅತ್ತಾಗ ಅದೂ ಅವಳಿಗೆ ಸಣ್ಣದಾಗಿರಲಿಲ್ಲ. ಅಂದು ಒಬ್ಬರಾದರೂ ನಗದೆ, ಹೋಗಲಿ ಬಿಡೇ, ನಮ್ಮ ಹಿತ್ತಲದು ಒಂದು ಕೊಡುತ್ತೇನೆ ಎಂದಿದ್ದರೆ ಅವಳ ಬಾಯಿ ಅಷ್ಟು ಭದ್ರವಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಸಣ್ಣ ದೂರಿಗೆ ನಕ್ಕವರು ದೊಡ್ಡ ದೂರು ಬರಲಿ ಎಂದು ಕಾದರೆ ಅದು ಎಲ್ಲಿಂದ ಬರಬೇಕು?

ಮಳೆಗಾಲ ಕಳೆದ ಮೇಲೆ ಹೊಸನಗರದಿಂದ ಮಗಳು ಬಂದು ಗುತ್ಯಕ್ಕನನ್ನು ಕರೆದುಕೊಂಡು ಹೋದಳು. ದನಗಳನ್ನು ನಿಶಾಂತ್ ಕಟ್ಟಿಕೊಂಡ. ಹೊಸನಗರದಲ್ಲಿ ಗುತ್ಯಕ್ಕ ಎರಡು ವರ್ಷ ಇದ್ದಳು. ಅಲ್ಲಿ ಅವಳು ದೂರುವುದನ್ನು ಕಲಿತಳು ಎಂದು ಮಗಳು ಫೋನಿನಲ್ಲಿ ನಗುತ್ತಾ ಹೇಳುತ್ತಿದ್ದಳು. ನಲ್ಲಿಯಲ್ಲಿ ಕೆಂಪು ನೀರು ಬಂದರೆ ಪೇಟೆಯ ಆಫೀಸಿಗೆ ಹೋಗಿ ಬಾಗಿಲಲ್ಲಿ ಕೂರುತ್ತಾಳಂತೆ. ಬಸ್ಸು ನಿಲ್ಲಿಸದಿದ್ದರೆ ಕೋಲು ಎತ್ತುತ್ತಾಳಂತೆ. ಆದರೆ ಮೈ ಕರಗುತ್ತಾ ಬಂದಿತ್ತು. ಈ ಸಲದ ಚಳಿಗಾಲಕ್ಕೆ ಹಾಸಿಗೆ ಹಿಡಿದಳು. ನೋಡಲು ಬಾ ಎಂದು ಹೇಳಿ ಕಳಿಸಿದ್ದಕ್ಕೆ ಹೋದೆ. ನಾನು ನೋಡಿ ಬಂದ ವಾರದಲ್ಲೇ ತೀರಿಕೊಂಡಳು.

ಅಂದು ಮಧ್ಯಾಹ್ನ ಊಟವಾದ ಮೇಲೆ ಮಗಳು ಪಾತ್ರೆ ತೊಳೆಯಲು ಹಿತ್ತಲಿಗೆ ಹೋಗಿದ್ದಳು. ಗುತ್ಯಕ್ಕ ನನ್ನನ್ನು ಹತ್ತಿರ ಕರೆದು ಮಂಚದ ಅಂಚಿನಲ್ಲಿ ಕೂರಿಸಿಕೊಂಡಳು. ಕೈ ಹಗುರವಾಗಿತ್ತು. ಊರಿನ ಸುದ್ದಿ ಕೇಳಿದಳು. ಕನ್ನಪ್ಪನವರ ಕೆಮ್ಮು ಹೇಗಿದೆ ಎಂದಳು, ಕೆಂದ ದನದ ಆ ಕರುವೇ ಈಗ ಗಬ್ಬ ಆಗಿದೆ ಎಂದಾಗ ಕಣ್ಣರಳಿಸಿದಳು. ಆಮೇಲೆ ಕಣ್ಣು ಮುಚ್ಚಿದಳು. ನಿದ್ದೆ ಬಂತೇನೋ ಎಂದು ಹೊದಿಕೆ ಸರಿಮಾಡಲು ಹೋದೆ.

"ವನಮಾಲಾ, ನಾನು ಡೇರಿಗೆ ಹೋದಾಗ ನೀನೇ ಅಲ್ಲನೇ ಅವರ ಹತ್ರ ಕೂರ್ತಿದ್ದಿದ್ದು?"

"ಹೌದು ಗುತ್ಯಕ್ಕ."

"ನಂಗೆ ಬೇಜಾರಾಗ್ತದೆ ಅಂತ ಮುಚ್ಚಬೇಡ. ಈಗ ಮುಚ್ಚಿ ಎಂತ ಆಗ್ಬೇಕು? ನ್ಯಾಯವಾಗಿ ಹೇಳು" ಎಂದು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣಿನಲ್ಲಿ ಒಂದು ಆಸೆ ಇತ್ತು, ನಾನು ಹೌದೆನ್ನಲಿ ಎಂಬ ಆಸೆ.

"ಒಂದೇ ಒಂದ್ಸಲ ಆದ್ರೂ, ಅವರು ನಿನ್ನ ಹತ್ರ ನನ್ನ ಮೇಲೆ ದೂರು ಹೇಳಿದ್ರನೇ?"